ಹಿರಿಯರಿಗೆ ಮೊಬೈಲ್ ಕಲಿಸುವ ಮೊದಲು ಮೊಬೈಲನ್ನೇ ಸರಿಮಾಡಿ

ಕಾರವಾರದ ನಿಮ್ಮ ಬಡಾವಣೆಯ ಸಂಘದಲ್ಲಿ ಹಿರಿಯರನ್ನೂ ಹೊರರಾಜ್ಯಗಳಿಂದ ಕೆಲಸಕ್ಕೆ ಬಂದವರನ್ನೂ ಒಟ್ಟಿಗೆ ಕೂರಿಸಿ ಮೊಬೈಲ್ ತರಗತಿ ಶುರುಮಾಡಿದ್ದೀರಿ, ಎರಡನೇ ವಾರಕ್ಕೇ ಅರ್ಧ ಜನ ನಾಪತ್ತೆ. ಮೊದಲ ದಿನವೇ ಯುಪಿಐ ಹೇಳಿಕೊಟ್ಟಿದ್ದು ತಪ್ಪಾಯಿತೇ ಎಂದು ಕೇಳಿದ್ದೀರಿ. ಹೌದು, ಅವಸರವಾಯಿತು. ಆದರೆ ಜನ ಬಿಟ್ಟುಹೋಗಲು ಸಾಮಾನ್ಯವಾಗಿ ಅದಕ್ಕಿಂತ ದೊಡ್ಡ ಕಾರಣವೊಂದಿರುತ್ತದೆ. ಫೋನು ಅವರ ಕಣ್ಣಿಗೂ ಬೆರಳಿಗೂ ಹೊಂದಿಕೊಂಡಿರುವುದಿಲ್ಲ. "ವಯಸ್ಸಾಯ್ತು, ತಲೆಗೆ ಹೋಗೂದಿಲ್ಲ" ಎಂದು ಅವರೇ ಹೇಳುತ್ತಾರೆ, ಕಲಿಸುವವರೂ ಅದನ್ನೇ ನಂಬಿಬಿಡುತ್ತಾರೆ.

ಹಾಗಾಗಿ ಮೊದಲ ತರಗತಿಯಲ್ಲಿ ಪಾಠ ಬೇಡ, ಬರೀ ಸೆಟ್ಟಿಂಗ್ಸ್. ಒಂದು ಫೋನಿಗೆ ಹದಿನೈದು ನಿಮಿಷ ಬೇಕು. ಹೆಚ್ಚಿನ ಫೋನುಗಳಲ್ಲಿ ತೆರೆ 30 ಸೆಕೆಂಡಿಗೆ ಆರಿಹೋಗುತ್ತದೆ. ನೀವು ಹೇಳಿದ್ದನ್ನು ಬರೆದುಕೊಂಡು, ಕನ್ನಡಕ ಸರಿಮಾಡಿಕೊಂಡು ತಿರುಗುವಷ್ಟರಲ್ಲಿ ತೆರೆ ಕಪ್ಪಾಗಿರುತ್ತದೆ. ಡಿಸ್‌ಪ್ಲೇಯಲ್ಲಿ ಸ್ಕ್ರೀನ್ ಟೈಮ್‌ಔಟ್ 5 ನಿಮಿಷ ಮಾಡಿ. ಅಕ್ಷರ ದೊಡ್ಡದು ಮಾಡಿ, ಆದರೆ ಕೊನೆಯ ಗೆರೆಯವರೆಗೆ ಎಳೆಯಬೇಡಿ. ಹಾಗೆ ಮಾಡಿದರೆ ಕೆಲವು ಬ್ಯಾಂಕ್ ಆ್ಯಪ್‌ಗಳಲ್ಲಿ "ಮುಂದೆ" ಎಂಬ ಬಟನ್ನೇ ತೆರೆಯಿಂದ ಕೆಳಗೆ ಜಾರಿ ಕಾಣದಂತಾಗುತ್ತದೆ. ಒಂದು ಮೆಟ್ಟಿಲು ಕಡಿಮೆ ಇರಲಿ. ಕೆಳಗಿನಿಂದ ಬೆರಳು ಎಳೆಯುವ ಜೆಸ್ಚರ್ ತೆಗೆದು ಹಳೆಯ ಮೂರು ಬಟನ್‌ಗಳನ್ನು ತನ್ನಿ. ಎಲ್ಲಿ ಸಿಕ್ಕಿಹಾಕಿಕೊಂಡರೂ ನಡುವಿನ ಬಟನ್ ಒತ್ತಿದರೆ ಮನೆಗೆ ಬಂದಂತೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ.

ಮುಖ್ಯವಾದದ್ದು ಒತ್ತುವ ವಿಷಯ. ಕೀಪ್ಯಾಡ್ ಫೋನಿನ ಅಭ್ಯಾಸದವರು ಬಲವಾಗಿ, ಹೆಚ್ಚು ಹೊತ್ತು ಒತ್ತುತ್ತಾರೆ. ಫೋನಿಗೆ ಅದು ಬೇರೆಯೇ ಆಜ್ಞೆ. ಐಕಾನ್ ಅಲುಗಾಡುತ್ತದೆ, ಜಾಗ ಬದಲಿಸುತ್ತದೆ, ಒಮ್ಮೊಮ್ಮೆ ಅನ್‌ಇನ್‌ಸ್ಟಾಲ್ ಆಗಿಯೇ ಹೋಗುತ್ತದೆ. ಆಮೇಲೆ "ವಾಟ್ಸ್‌ಆ್ಯಪ್ ಕಳೆದುಹೋಯ್ತು" ಎಂಬ ದೂರು. ಆ್ಯಕ್ಸೆಸಿಬಿಲಿಟಿಯೊಳಗೆ ಟಚ್ ಆ್ಯಂಡ್ ಹೋಲ್ಡ್ ಡಿಲೇ ಇದೆ, ಅದನ್ನು ಲಾಂಗ್ ಮಾಡಿ. ಹೋಮ್ ಸ್ಕ್ರೀನ್ ಲೇಔಟ್ ಲಾಕ್ ಮಾಡುವ ಸೌಲಭ್ಯ ಇದ್ದರೆ ಹಾಕಿಬಿಡಿ. ಇನ್ನು, ಅಡಿಕೆ ಸುಲಿದು, ಬಲೆ ಎಳೆದು, ಪಾತ್ರೆ ತಿಕ್ಕಿ ಒಣಗಿ ದಡ್ಡುಗಟ್ಟಿದ ಬೆರಳನ್ನು ತೆರೆ ಗುರುತಿಸುವುದೇ ಕಷ್ಟ. ಒಂದು ಒದ್ದೆ ಬಟ್ಟೆ ಮೇಜಿನ ಮೇಲಿರಲಿ, ಬೆರಳು ಒರೆಸಿಕೊಂಡು ಒತ್ತಲಿ. ಬೆರಳಚ್ಚಿನ ಲಾಕ್ ಇಂಥವರಿಗೆ ಬೇಡ, ನಂಬರ್ ಲಾಕ್ ಸಾಕು.

ಭಾಷೆಯನ್ನು ನೀವೇ ತೀರ್ಮಾನಿಸಬೇಡಿ, ಕೇಳಿ. 1956ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಕಾರವಾರದ ಹಿರಿಯರಲ್ಲಿ ಮರಾಠಿ ಶಾಲೆಯಲ್ಲಿ ಓದಿದವರು ಸಿಗುತ್ತಾರೆ, ಅವರಿಗೆ ಕನ್ನಡಕ್ಕಿಂತ ದೇವನಾಗರಿ ಬೇಗ ಓದಲು ಬರುತ್ತದೆ. ಟೈಪ್ ಮಾಡಲು ಮೈಕ್ ತೋರಿಸಿದರೆ ಖುಷಿಪಡುತ್ತಾರೆ, ಆದರೆ ಕನ್ನಡ ಧ್ವನಿ ಟೈಪಿಂಗ್‌ಗೆ ಕೊಂಕಣಿಯೂ ಅರ್ಥವಾಗದು, ಸಿರ್ಸಿ ಕಡೆಯ ಹವ್ಯಕ ಮಾತೂ ಅರ್ಥವಾಗದು. ರೇಡಿಯೋ ವಾರ್ತೆಯ ಹಾಗೆ ಮಾತಾಡಿ ಎಂದು ಮೊದಲೇ ಹೇಳಿ. ಅದೂ ಬೇಡವೆಂದರೆ ಗೂಗಲ್ ಕೀಬೋರ್ಡಾದ ಜಿಬೋರ್ಡ್‌ನಲ್ಲಿ ಕನ್ನಡ ಭಾಷೆ ಸೇರಿಸುವಾಗ ಹ್ಯಾಂಡ್‌ರೈಟಿಂಗ್ ಆರಿಸಿ. ಬೆರಳಲ್ಲಿ ತೆರೆಯ ಮೇಲೆ ಬರೆದರೆ ಅಚ್ಚಕ್ಷರವಾಗುತ್ತದೆ. ನಿವೃತ್ತ ಮಾಸ್ತರರಿಗೆ ಇದು ಬಹಳ ಹಿಡಿಸುತ್ತದೆ.

ತರಗತಿ ಅಂದರೆ ಎಂಟು ಜನ, ಇಬ್ಬರು ಸಹಾಯಕರು, ಒಂದೂಕಾಲು ಗಂಟೆ. ಅದಕ್ಕಿಂತ ಹೆಚ್ಚು ಬೇಡ. ಪ್ರೊಜೆಕ್ಟರ್ ಬಾಡಿಗೆಗೆ ದುಡ್ಡು ಹಾಕಬೇಡಿ. ಗೋಡೆಯ ಮೇಲೆ ಸ್ಯಾಮ್‌ಸಂಗ್, ಅವರ ಕೈಯಲ್ಲಿ ವಿವೋ, ಹೆಸರುಗಳೇ ಬೇರೆ. ಬದಲಿಗೆ ಒಂದೇ ಕಂಪನಿಯ ಫೋನಿನವರನ್ನು ಅಕ್ಕಪಕ್ಕ ಕೂರಿಸಿ, ಒಬ್ಬರನ್ನು ನೋಡಿ ಇನ್ನೊಬ್ಬರು ಮಾಡುತ್ತಾರೆ. ಸೆಟ್ಟಿಂಗ್ಸ್ ದಿನ ಮುಗಿದ ಮೇಲೆ ಕಲಿಸುವವರ ಕೈ ಅವರ ಫೋನು ಮುಟ್ಟಕೂಡದು. "ಕೊಡಿ ಇಲ್ಲಿ" ಎಂದು ಕಸಿದುಕೊಂಡು ನಾಲ್ಕು ಸಲ ಟಕಟಕ ಒತ್ತಿ ವಾಪಸ್ ಕೊಡುವವರು ಎಷ್ಟೇ ಜಾಣರಿದ್ದರೂ ಸಹಾಯಕರಾಗಿ ಬೇಡ.

ಒಂದು ದಿನಕ್ಕೆ ಒಂದೇ ಕೆಲಸ, ಅದೂ ಅವರಿಗೆ ಬೇಕಾದದ್ದು. ಮೊಮ್ಮಗಳಿಗೆ ಫೋಟೋ ಕಳಿಸುವುದು, ಮತ್ಸ್ಯಗಂಧ ರೈಲು ಎಲ್ಲಿ ಬಂದಿದೆ ಎಂದು ನೋಡುವುದು, ಹೆಸ್ಕಾಂ ಕರೆಂಟ್ ಬಿಲ್ ಎಷ್ಟು ಬಂದಿದೆ ಎಂದು ನೋಡುವುದು. ಸಿರ್ಸಿಯಾದರೆ ಚಾಲಿ, ರಾಶಿ ಅಡಿಕೆಯ ಧಾರಣೆ ಹುಡುಕುವುದರಿಂದಲೇ ಶುರುಮಾಡಬಹುದು. ಹಂತಗಳನ್ನು ಅವರೇ ತಮ್ಮ ಅಕ್ಷರದಲ್ಲಿ ಬರೆದುಕೊಳ್ಳಲಿ, ಐಕಾನ್‌ನ ಚಿತ್ರವನ್ನೂ ಬಿಡಿಸಿಕೊಳ್ಳಲಿ. ನೀವು ಜೆರಾಕ್ಸ್ ಮಾಡಿ ಹಂಚಿದ ಹಾಳೆ ಮನೆ ತಲುಪುವುದಿಲ್ಲ.

ಯುಪಿಐ ನಾಲ್ಕನೇ ವಾರಕ್ಕೆ ಇಟ್ಟುಕೊಳ್ಳಿ. ನೋಂದಣಿ ನಿಂತುಹೋಗುವುದು ಬಹುತೇಕ ಒಂದೇ ಕಡೆ. ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ ಅದೇ ಫೋನಿನಲ್ಲಿರಬೇಕು, ಆ ಸಿಮ್‌ನಿಂದ ಒಂದು ಎಸ್‌ಎಂಎಸ್ ಹೊರಗೆ ಹೋಗಬೇಕು. ರೀಚಾರ್ಜ್‌ನಲ್ಲಿ ಎಸ್‌ಎಂಎಸ್ ಇಲ್ಲದಿದ್ದರೆ ಎಷ್ಟು ಸಲ ಒತ್ತಿದರೂ ಆಗದು. ಎರಡು ಸಿಮ್ ಇದ್ದಾಗ ಬೇರೆ ಸಿಮ್ ಆರಿಸಿದರೂ ಇದೇ ಕತೆ. ಪಿನ್ ಮಾಡಲು ಡೆಬಿಟ್ ಕಾರ್ಡಿನ ಕೊನೆಯ ಆರು ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಬೇಕು, ಇಲ್ಲವೇ ಆಧಾರ್ ಒಟಿಪಿ. ಹಿಂದಿನ ವಾರವೇ ಹೇಳಿದರೆ ಕಾರ್ಡ್ ತರುತ್ತಾರೆ. ಪಿಂಚಣಿ ಬರುವ ಖಾತೆಗೆ ಯುಪಿಐ ಜೋಡಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಎರಡು ಮೂರು ಸಾವಿರ ಇಟ್ಟ ಇನ್ನೊಂದು ಖಾತೆ ಸಾಕು.

ಅಭ್ಯಾಸ ಹೀಗೆ ಮಾಡಿಸಿ: ಸಹಾಯಕರು ಅವರಿಗೆ 1 ರೂಪಾಯಿ ಕಳಿಸಲಿ. ಬಂತು, ಪಿನ್ ಕೇಳಲಿಲ್ಲ. ಈಗ ಅವರು ವಾಪಸ್ 1 ರೂಪಾಯಿ ಕಳಿಸಲಿ. ಪಿನ್ ಕೇಳಿತು. ಪಿನ್ ಹಾಕಿದರೆ ದುಡ್ಡು ಹೋಗುತ್ತದೆ, ಬರುವುದಕ್ಕೆ ಪಿನ್ ಬೇಡವೇ ಬೇಡ ಎನ್ನುವುದನ್ನು ಭಾಷಣ ಮಾಡಿ ಹೇಳುವುದಕ್ಕಿಂತ ಈ ಎರಡು ರೂಪಾಯಿ ಚೆನ್ನಾಗಿ ಕಲಿಸುತ್ತದೆ.

ಮೋಸದ ಬಗ್ಗೆ ಹೆದರಿಸುತ್ತ ಕೂರಬೇಡಿ, ಹೆದರಿದವರು ಫೋನನ್ನೇ ಮೂಲೆಗಿಡುತ್ತಾರೆ. ಮೊದಲು ಬಾಗಿಲು ಹಾಕಿ. ಸೆಟ್ಟಿಂಗ್ಸ್‌ನಲ್ಲಿ ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್ ಹುಡುಕಿ, ವಾಟ್ಸ್‌ಆ್ಯಪ್ ಮತ್ತು ಕ್ರೋಮ್ ಎರಡಕ್ಕೂ ಅನುಮತಿ ತೆಗೆದುಹಾಕಿ. ಮದುವೆ ಕರೆಯೋಲೆ, ಆರ್‌ಟಿಒ ದಂಡ ಎಂಬ ಹೆಸರಲ್ಲಿ ಬರುವ ಎಪಿಕೆ ಕಡತ (ಒತ್ತಿದರೆ ಆ್ಯಪ್ ಹಾಕಿಬಿಡುವ ಫೈಲ್) ಆಮೇಲೆ ಅಷ್ಟು ಸುಲಭಕ್ಕೆ ಒಳಬರುವುದಿಲ್ಲ. ವಾಟ್ಸ್‌ಆ್ಯಪ್‌ಗೆ ಟೂ ಸ್ಟೆಪ್ ವೆರಿಫಿಕೇಷನ್ ಹಾಕಿ. ಪೊಲೀಸರೆಂದು ವಿಡಿಯೋ ಕರೆ ಮಾಡಿ "ಡಿಜಿಟಲ್ ಅರೆಸ್ಟ್" ಅಂದರೆ ಕಟ್ ಮಾಡಿ, ಅಂಥದೊಂದು ಬಂಧನ ಕಾನೂನಿನಲ್ಲೇ ಇಲ್ಲ. ದುಡ್ಡು ಹೋಗಿಯೇಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ಮುಂದಿನ ಖಾತೆಯಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು. ಈ ನಂಬರನ್ನು ಕಾಂಟ್ಯಾಕ್ಟ್‌ನಲ್ಲಿ ಉಳಿಸಿ, ನೋಟ್‌ಬುಕ್ಕಿನ ಮೊದಲ ಪುಟದಲ್ಲೂ ಬರೆಸಿ. ಗೂಗಲ್ ಖಾತೆಯ ಪಾಸ್‌ವರ್ಡ್ ಬರೆದು ಕಪಾಟಿನಲ್ಲಿಟ್ಟರೂ ಪರವಾಗಿಲ್ಲ, ಮರೆಯುವುದಕ್ಕಿಂತ ಅದು ಮೇಲು. ಯುಪಿಐ ಪಿನ್ ಮಾತ್ರ ಎಲ್ಲೂ ಬರೆಯಬಾರದು. ಗೂಗಲ್ ಖಾತೆಯ ರಿಕವರಿ ನಂಬರ್ ಬೆಂಗಳೂರಿನ ಮಗನದೋ ಅವರದೇಯೋ ಎಂದೂ ನೋಡಿ. ಒಟಿಪಿ ಮಗನಿಗೆ ಹೋಗಿ ತಾಯಿ ಇಲ್ಲಿ ಕಾಯುವುದು ಮಾಮೂಲಿ.

ಹೊರಗಿನಿಂದ ಬಂದವರನ್ನು ಬೇರೆ ಹೊತ್ತಿಗೆ ಕರೆಯಿರಿ. ಬೈತಖೋಲ್ ಬಂದರಿನಲ್ಲೋ ಕಟ್ಟಡದ ಕೆಲಸದಲ್ಲೋ ಇರುವ ಹುಡುಗರಿಗೆ ಫೋನು ನಮಗಿಂತ ಚೆನ್ನಾಗಿ ಗೊತ್ತು, ಗೊತ್ತಿಲ್ಲದ್ದು ಇಲ್ಲಿನ ಕನ್ನಡ ಮತ್ತು ಕಾಗದಪತ್ರ. ಗೂಗಲ್ ಟ್ರಾನ್ಸ್‌ಲೇಟ್‌ನ ಕ್ಯಾಮೆರಾದಿಂದ ನೋಟಿಸು, ಬೋರ್ಡು ಓದುವುದನ್ನು ತೋರಿಸಿ. ತಮ್ಮ ರಾಜ್ಯದ ರೇಷನ್ ಕಾರ್ಡಿನಲ್ಲೇ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಬಹುದು, ಊರಲ್ಲಿರುವ ಮನೆಯವರು ಉಳಿದ ಪಾಲು ಅಲ್ಲೇ ತೆಗೆದುಕೊಳ್ಳಬಹುದು ಎನ್ನುವುದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಊರಿನ ಹಳೇ ಸಿಮ್ ಬಿಸಾಡಿದ್ದರೆ ಆಧಾರ್ ಒಟಿಪಿ ಬಾರದು, ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಲಿ.

ಹೊತ್ತು ಆರಿಸುವಾಗ ಕ್ಯಾಲೆಂಡರ್ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಊರಿನ ಮೀನುಗಾರರು ಆಗ ಬಿಡುವಾಗಿರುತ್ತಾರೆ, ಹೊರಗಿನ ಕೆಲಸಗಾರರಲ್ಲಿ ಬಹಳಷ್ಟು ಜನ ತಮ್ಮೂರಿಗೆ ಹೋಗಿರುತ್ತಾರೆ. ಆ ಮಳೆಯಲ್ಲಿ ಕರೆಂಟೂ ನೆಟ್‌ವರ್ಕೂ ಕೈಕೊಡುವುದರಿಂದ ಆ್ಯಪ್‌ಗಳನ್ನು ಮೊದಲೇ ಡೌನ್‌ಲೋಡ್ ಮಾಡಿಸಿ. ನವೆಂಬರ್ ಮೊದಲ ತರಗತಿ ಪಿಂಚಣಿದಾರರ ಜೀವನ್ ಪ್ರಮಾಣಕ್ಕೆ, ಅಂದರೆ ಬದುಕಿದ್ದೇವೆ ಎಂದು ಪ್ರತಿವರ್ಷ ಕೊಡಬೇಕಾದ ಪ್ರಮಾಣಪತ್ರಕ್ಕೆ, ಮೀಸಲಿಡಿ. ಮುಖ ನೋಡಿ ಗುರುತಿಸುವ ಆಧಾರ್ ಫೇಸ್ ಆರ್‌ಡಿ ಮತ್ತು ಜೀವನ್ ಪ್ರಮಾಣ್ ಎರಡೂ ಆ್ಯಪ್ ಬೇಕು, ಆದರೆ ಒಂದೇ ಫೋನಿನಿಂದ ಹಲವರದ್ದು ಮಾಡಬಹುದು. ಆಧಾರ್, ಪಿಪಿಒ (ಪಿಂಚಣಿ ಆದೇಶ) ನಂಬರ್, ಬ್ಯಾಂಕ್ ಪಾಸ್‌ಬುಕ್, ಒಟಿಪಿ ಬರುವ ಫೋನು ತರಲು ಹೇಳಿ. ತಮ್ಮ ಪಿಂಚಣಿಗೆ ಇದು ನಡೆಯುತ್ತದೆಯೇ ಎಂದು ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಂಡು ಬರಲಿ. ಕಿಟಕಿಗೆ ಬೆನ್ನು ಹಾಕಿ ಕೂತರೆ ಮುಖ ಕಪ್ಪಾಗಿ ಕಂಡು ತಿರಸ್ಕಾರವಾಗುತ್ತದೆ, ಬೆಳಕಿನ ಕಡೆ ಮುಖ ಮಾಡಿ ಕೂರಿಸಿ, ಕಣ್ಣು ಮಿಟುಕಿಸಲು ಹೇಳಿ.