ಓದುಗರ ಪ್ರಶ್ನೆ: ಗಾಳದ ದೋಣಿಗೆ ಯಾವ ಚಾರ್ಟ್‌ಪ್ಲಾಟರ್?

ಪ್ರಶ್ನೆ: ಮಾನ್ಯರೇ, ನಾನು ಮತ್ತು ನನ್ನ ತಮ್ಮ ಸೇರಿ 22 ಅಡಿಯ ಫೈಬರ್ ದೋಣಿಯೊಂದನ್ನು ಕೊಂಡಿದ್ದೇವೆ. ಅದಕ್ಕೆ 40 ಎಚ್‌ಪಿಯ ಹಳೆಯ ಔಟ್‌ಬೋರ್ಡ್ ಎಂಜಿನ್ ಇದೆ. ಮೀನು ಮಾರುವ ಉದ್ದೇಶ ನಮಗಿಲ್ಲ. ರಜಾದಿನಗಳಲ್ಲಿ ಬೆಳಿಗ್ಗೆ ಮಲ್ಪೆಯಿಂದ ಹೊರಟು, 15 ಮಾರು ಆಳದವರೆಗೆ ಹೋಗಿ ಗಾಳ ಹಾಕಿ, ಸಂಜೆಯೊಳಗೆ ಮರಳುತ್ತೇವೆ. ಈವರೆಗೆ ಮೊಬೈಲ್‌ನ ಜಿಪಿಎಸ್ ನಂಬಿಕೊಂಡಿದ್ದೆವು. ಈಗ ದೋಣಿ ಇರುವ ಜಾಗವನ್ನು ಸಮುದ್ರದ ನಕಾಶೆಯ ಮೇಲೆ ತೋರಿಸುವ ಚಾರ್ಟ್‌ಪ್ಲಾಟರ್, ಶಬ್ದದ ಪ್ರತಿಧ್ವನಿಯಿಂದ (ಸೋನಾರ್) ಆಳವನ್ನೂ ಮೀನನ್ನೂ ತೋರಿಸುವ ಫಿಶ್ ಫೈಂಡರ್ ಹಾಕಿಸಬೇಕೆಂದಿದ್ದೇವೆ. ಅಂಗಡಿಯವರಲ್ಲಿ ಒಬ್ಬರು 5 ಇಂಚಿನದು ಸಾಕೆಂದರೆ, ಇನ್ನೊಬ್ಬರು 12 ಇಂಚಿನ ಪರದೆ, ಲೈವ್ ಸೋನಾರ್, ರೇಡಾರ್ ಎಲ್ಲವೂ ಬೇಕೆನ್ನುತ್ತಾರೆ. ದುಬೈಯಲ್ಲಿರುವ ನಮ್ಮ ಭಾವ ಅಲ್ಲಿಂದಲೇ ತಂದುಕೊಡುವುದಾಗಿ ಹೇಳಿದ್ದಾರೆ. ಯಾವುದಕ್ಕೆ ಹಣ ಹಾಕಬೇಕು, ಯಾವುದನ್ನು ಬಿಡಬಹುದು?
ಓದುಗರು, ಉಡುಪಿ

ಉತ್ತರ: ಹಗಲಿನಲ್ಲಿ ಹೊರಟು ಹಗಲಿನಲ್ಲೇ ಮರಳುವ, 15 ಮಾರು ಅಂದರೆ ಸುಮಾರು 27 ಮೀಟರ್ ಆಳದಾಚೆಗೆ ಹೋಗದ ದೋಣಿಗೆ ರೇಡಾರ್ ಬೇಕಿಲ್ಲ. ನೀರಿನೊಳಗಿನ ಚಲನೆಯನ್ನು ಆಗಿಂದಾಗಲೇ ತೋರಿಸುವ ಲೈವ್ ಸೋನಾರ್ ಕೂಡ ನಿಶ್ಚಲವಾದ ಕೆರೆ, ಜಲಾಶಯಗಳಲ್ಲಿ ಮೀನನ್ನು ಎದುರಿಗೇ ಕಂಡು ಗಾಳ ಎಸೆಯುವವರಿಗೆ ಹೆಚ್ಚು ಒದಗುವ ವಸ್ತು. ಅದರ ಬೆಲೆಯಲ್ಲಿ ನಿಮಗೆ ನಿಜವಾಗಿ ಬೇಕಾದ ಹಲವು ಸಾಧನಗಳು ಬರುತ್ತವೆ. ನನ್ನ ಸಲಹೆಯ ಕ್ರಮ ಹೀಗಿದೆ: ಮೊದಲು, ನೀರಿಗೆ ಶಬ್ದ ಕಳುಹಿಸಿ ಪ್ರತಿಧ್ವನಿ ಹಿಡಿಯುವ ಒಳ್ಳೆಯ ಟ್ರಾನ್ಸ್‌ಡ್ಯೂಸರ್ ಮತ್ತು ಅದರ ಸರಿಯಾದ ಜೋಡಣೆ, ಬಳಿಕ ವಿಎಚ್‌ಎಫ್ ವೈರ್‌ಲೆಸ್ ಮತ್ತು ಅಪಾಯದ ಸಂಕೇತ ಕಳುಹಿಸುವ ಸಾಧನ, ಅದಾದ ಮೇಲೆ ಉಳಿದ ಹಣಕ್ಕೆ ಬರುವಷ್ಟು ದೊಡ್ಡ ಪರದೆ. ಬಹಳ ಮಂದಿ ಪರದೆಯಿಂದ ಆರಂಭಿಸುತ್ತಾರೆ; ಹಣವೆಲ್ಲ ಅಲ್ಲೇ ಮುಗಿದ ಮೇಲೆ ಪೆಟ್ಟಿಗೆಯಲ್ಲಿ ಬಂದ ಟ್ರಾನ್ಸ್‌ಡ್ಯೂಸರನ್ನು ಸಿಕ್ಕ ಜಾಗದಲ್ಲಿ ಕೂರಿಸಿ, ವೈರ್‌ಲೆಸ್ಸನ್ನು ಮುಂದಿನ ವರ್ಷಕ್ಕೆಂದು ಬಿಡುತ್ತಾರೆ.

ಕೊಳ್ಳುವ ಮುನ್ನ ಒಂದು ಭೇದ ತಿಳಿದಿರಲಿ. ಜಿಪಿಎಸ್ ಇರುವ ಫಿಶ್ ಫೈಂಡರ್‌ಗಳೆಲ್ಲ ಚಾರ್ಟ್‌ಪ್ಲಾಟರ್‌ಗಳಲ್ಲ. ಉದಾಹರಣೆಗೆ ಗಾರ್ಮಿನ್‌ನ ಸ್ಟ್ರೈಕರ್ ಸರಣಿಯ ಯಂತ್ರಗಳಲ್ಲಿ ನೀವು ಗುರುತು ಹಾಕಿದ ಜಾಗಗಳು ಮತ್ತು ಸಾಗಿ ಬಂದ ದಾರಿ ಕಾಣಿಸುತ್ತವೆಯೇ ಹೊರತು ಸಮುದ್ರದ ನಕಾಶೆಯನ್ನು ತುಂಬಲು ಬರುವುದಿಲ್ಲ; ಅದೇ ಕಂಪನಿಯ ಎಕೋಮ್ಯಾಪ್ ಸರಣಿಯಲ್ಲಿ ಕಾರ್ಡ್ ಹಾಕಿ ನಕಾಶೆ ನೋಡಬಹುದು. ಲೋರೆನ್ಸ್, ಸಿಮ್ರಾಡ್, ರೇಮರೀನ್, ಫುರುನೋ ಕಂಪನಿಗಳ ಯಂತ್ರಗಳನ್ನು ಕೊಳ್ಳುವಾಗಲೂ ನಮ್ಮ ಕರಾವಳಿಯ ನಕಾಶೆ ಅದರಲ್ಲೇ ಇದೆಯೇ, ಬೇರೆ ಕೊಳ್ಳಬೇಕೇ, ಅದು ನೇವಿಯಾನಿಕ್ಸ್‌ನದೋ ಸಿ-ಮ್ಯಾಪ್‌ನದೋ ಎಂದು ಕೇಳಿ, ಅಂಗಡಿಯಲ್ಲೇ ಯಂತ್ರವನ್ನು ಚಾಲೂ ಮಾಡಿಸಿ ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪಗಳ ಆಸುಪಾಸನ್ನು ಹಿಗ್ಗಿಸಿ ನೋಡಿ. ದ್ವೀಪಗಳ ಸುತ್ತಲಿನ ಬಂಡೆಗಳು, ಆಳದ ಅಂಕಿಗಳು ಅಲ್ಲಿ ವಿವರವಾಗಿ ಕಂಡರೆ ಮಾತ್ರ ಆ ನಕಾಶೆಗೆ ಹಣ ಕೊಡಿ.

ಒಳ್ಳೆಯ ನಕಾಶೆಯನ್ನೂ ಒಂದು ಜಾಗದಲ್ಲಿ ನಂಬಬಾರದು. ಅದು ಅಳಿವೆ ಬಾಗಿಲು. ಭಾರತದ ಅಧಿಕೃತ ಸಮುದ್ರ ನಕಾಶೆಗಳನ್ನು ಡೆಹ್ರಾಡೂನ್‌ನಲ್ಲಿರುವ ನೌಕಾಪಡೆಯ ಜಲಮಾಪನ ಕಚೇರಿ ಸಿದ್ಧಪಡಿಸುತ್ತದೆ. ಆದರೆ ಪ್ರತಿ ಮಳೆಗಾಲದಲ್ಲೂ ನದಿಯ ನೆರೆ ಮತ್ತು ಕಡಲಿನ ಅಲೆ ಸೇರಿ ಅಳಿವೆಯ ಮರಳ ದಿಬ್ಬಗಳನ್ನು ಜರುಗಿಸುತ್ತಿರುತ್ತವೆ, ಯಾವ ಸಮೀಕ್ಷೆಯೂ ಅವುಗಳ ಬೆನ್ನು ಹತ್ತಲಾರದು. ಆದ್ದರಿಂದ ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಸ್ಥಳೀಯ ಮೀನುಗಾರರೊಬ್ಬರನ್ನು ಜೊತೆಗೆ ಕರೆದುಕೊಂಡು, ಉಬ್ಬರದ ಹೊತ್ತಿನಲ್ಲಿ ನಿಧಾನವಾಗಿ ಹೊರಗೆ ಹೋಗಿ ಬನ್ನಿ. ಆ ದಾರಿಯನ್ನು ಪ್ಲಾಟರ್‌ನಲ್ಲಿ ಉಳಿಸಿಕೊಂಡು, ಆ ವರ್ಷವೆಲ್ಲ ಅದನ್ನೇ ಅನುಸರಿಸಿ. ಚಾರ್ಟ್‌ಪ್ಲಾಟರ್‌ನಿಂದ ನಿಮಗಾಗುವ ಅತಿ ದೊಡ್ಡ ಉಪಕಾರ ಇದೇ ಎಂದು ನನ್ನ ದೃಢವಾದ ಅಭಿಪ್ರಾಯ.

ಟ್ರಾನ್ಸ್‌ಡ್ಯೂಸರ್ ವಿಚಾರಕ್ಕೆ ಬರೋಣ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ. 27 ಮೀಟರ್ ಆಳದ ನೆಲವನ್ನು ಮುಟ್ಟಿ ಮರಳಲು ಅದಕ್ಕೆ 0.036 ಸೆಕೆಂಡ್ ಸಾಕು; ಈ ಅವಧಿಯನ್ನು ಅಳೆದೇ ಯಂತ್ರ ಆಳ ಹೇಳುತ್ತದೆ. 200 ಕಿಲೋಹರ್ಟ್ಸ್‌ನ ಶಬ್ದ ಕಿರಿದಾದ ಶಂಕುವಿನ ಆಕಾರದಲ್ಲಿ ಇಳಿಯುತ್ತದೆ. ಶಂಕುವಿನ ಕೋನ 20 ಡಿಗ್ರಿ ಇದ್ದರೆ 27 ಮೀಟರ್ ಆಳದಲ್ಲಿ ಅದು ಆವರಿಸುವ ನೆಲದ ಅಗಲ ಸುಮಾರು 9.5 ಮೀಟರ್. 50 ಕಿಲೋಹರ್ಟ್ಸ್‌ನಲ್ಲಿ ಕೋನ 45 ಡಿಗ್ರಿಯ ಆಸುಪಾಸಿಗೆ ಹಿಗ್ಗುವುದರಿಂದ ಅದೇ ಆಳದಲ್ಲಿ ಸುಮಾರು 22 ಮೀಟರ್ ಅಗಲದ ನೆಲ ಒಂದೇ ಚಿತ್ರದೊಳಗೆ ಸೇರಿಕೊಳ್ಳುತ್ತದೆ, ಬಂಡೆ ಎಲ್ಲಿ ಮುಗಿದು ಮರಳು ಎಲ್ಲಿ ಶುರುವಾಯಿತೆಂಬುದು ಕಲಸಿಹೋಗುತ್ತದೆ. ನೂರಾರು ಮೀಟರ್ ಆಳಕ್ಕೆ ಹೋಗುವವರಿಗೆ ಕಡಿಮೆ ಆವರ್ತನ ಅನಿವಾರ್ಯ. ನಿಮಗೆ 150ರಿಂದ 240 ಕಿಲೋಹರ್ಟ್ಸ್ ವ್ಯಾಪ್ತಿಯ ಚಿರ್ಪ್ ಟ್ರಾನ್ಸ್‌ಡ್ಯೂಸರ್ ತಕ್ಕದ್ದು. ಒಂದೇ ಆವರ್ತನದ ಬದಲು ಹಲವು ಆವರ್ತನಗಳನ್ನು ಏರುಕ್ರಮದಲ್ಲಿ ಹೊರಡಿಸುವ ಈ ವಿಧಾನದಲ್ಲಿ ನೆಲಕ್ಕೆ ಹತ್ತಿಕೊಂಡಿರುವ ಮೀನು ನೆಲದಿಂದ ಬೇರೆಯಾಗಿ ಕಾಣಿಸುತ್ತದೆ. ಬಂಡೆಯ ಸಂದಿಯಲ್ಲಿರುವ ಮುರು, ಕೆಂಬೇರಿಗಳಿಗೆ ಗಾಳ ಹಾಕುವವರಿಗೆ ಇದಕ್ಕಿಂತ ಬೇಕಾದ ಗುಣ ಇನ್ನೊಂದಿಲ್ಲ. ಜೊತೆಗೆ 455 ಕಿಲೋಹರ್ಟ್ಸ್‌ನ ಸ್ಕ್ಯಾನಿಂಗ್ ಸೋನಾರ್ ಇದ್ದರೆ ಕೆಳಗಿನ ಬಂಡೆಯ ಆಕಾರವೂ ತಿಳಿಯುತ್ತದೆ.

ನೆಲದ ಗುಣವನ್ನು ಓದುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಿ. ಕೆಸರಿನ ಮೇಲೆ ಸಾಗುವಾಗ ನೆಲದ ಗೆರೆಯ ಬಣ್ಣ ಮಂಕಾಗಿರುತ್ತದೆ. ಗಟ್ಟಿ ಬಂಡೆ ಬಂದೊಡನೆ ಗೆರೆ ಪ್ರಖರವಾಗುತ್ತದೆ. ಪರದೆಯ ಆಳದ ವ್ಯಾಪ್ತಿಯನ್ನು ನಿಜವಾದ ಆಳದ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚು ಇಟ್ಟಿದ್ದರೆ ಅದರ ಕೆಳಗೆ ಎರಡನೆಯ ಪ್ರತಿಧ್ವನಿಯೊಂದು ಮೂಡುವುದನ್ನೂ ನೋಡಬಹುದು. ಆ ಎರಡನೆಯ ಗೆರೆ ಕಂಡಲ್ಲಿ ಗುರುತು ಹಾಕಿ. ಮೀನಿನ ಚಿತ್ರ ತೋರಿಸುವ ಸೌಲಭ್ಯವನ್ನು ಮಾತ್ರ ನಿಲ್ಲಿಸಿಬಿಡಿ, ಏಕೆಂದರೆ ಗುಳ್ಳೆಯನ್ನೂ ಕಸವನ್ನೂ ಅದು ಮೀನೆಂದೇ ತೋರಿಸುತ್ತದೆ.

ಪರದೆಗೆ 7 ಇಂಚು ಸಾಕು, ಹಣವಿದ್ದರೆ 9. ನಕಾಶೆ ಮತ್ತು ಸೋನಾರ್ ಎರಡನ್ನೂ ಅಕ್ಕಪಕ್ಕ ಇಟ್ಟಾಗ 5 ಇಂಚಿನಲ್ಲಿ ಯಾವುದೂ ಸರಿಯಾಗಿ ಕಾಣುವುದಿಲ್ಲ. ಉಪ್ಪುನೀರು ಹತ್ತಿದ ಕೈಗೆ ಸ್ಪರ್ಶಪರದೆ ಒಗ್ಗುವುದಿಲ್ಲವಾದ್ದರಿಂದ ಗುಂಡಿಗಳೂ ಇರುವ ಮಾದರಿಯನ್ನೇ ಆರಿಸಿ. ಪೋಲರಾಯ್ಡ್ ಕನ್ನಡಕ ಹಾಕುವ ಅಭ್ಯಾಸವಿದ್ದರೆ ಅದನ್ನು ಧರಿಸಿಯೇ ಬಿಸಿಲಿನಲ್ಲಿ ಪರದೆಯನ್ನು ಪರೀಕ್ಷಿಸಿ. ಎನ್‌ಎಂಇಎ 2000 ಎಂಬ, ಎಂಜಿನ್ ಮತ್ತು ಯಂತ್ರಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ಬಗ್ಗೆ ಅಂಗಡಿಯವರು ಹೇಳಬಹುದು. ಹಳೆಯ ಕಾರ್ಬ್ಯುರೇಟರ್ ಎಂಜಿನ್‌ನಿಂದ ಆ ಜಾಲಕ್ಕೆ ಕೊಡಲು ಯಾವ ಮಾಹಿತಿಯೂ ಇಲ್ಲದ ಕಾರಣ ನಿಮಗೆ ಆ ಖರ್ಚು ಬೇಡ.

ವೈರ್‌ಲೆಸ್ ಇಲ್ಲದೆ ದಯವಿಟ್ಟು ಹೊರಡಬೇಡಿ. ಮೊಬೈಲ್ ಸಂಕೇತ ದಡದಿಂದ ದೂರ ಹೋದಂತೆ ಕೈಕೊಡುತ್ತದೆ, ಒದ್ದೆಯಾದರೆ ಫೋನೇ ಇರುವುದಿಲ್ಲ. 25 ವ್ಯಾಟ್‌ನ ವಿಎಚ್‌ಎಫ್ ಸೆಟ್ ಹಾಕಿಸಿ, ಆಂಟೆನಾವನ್ನು ಸಾಧ್ಯವಾದಷ್ಟು ಎತ್ತರಕ್ಕೆ ಏರಿಸಿ, ಏಕೆಂದರೆ ಈ ತರಂಗಗಳ ವ್ಯಾಪ್ತಿ ವ್ಯಾಟ್‌ಗಿಂತ ಎತ್ತರವನ್ನು ಹೆಚ್ಚು ಅವಲಂಬಿಸಿದೆ. ಆಂಟೆನಾ 3 ಮೀಟರ್ ಎತ್ತರದಲ್ಲಿದ್ದರೆ ಅಂಥದೇ ಇನ್ನೊಂದು ದೋಣಿಯೊಂದಿಗೆ ಸುಮಾರು 14 ಕಿಲೋಮೀಟರ್, 50 ಮೀಟರ್ ಎತ್ತರದ ಆಂಟೆನಾ ಇರುವ ದಡದ ಕೇಂದ್ರದೊಂದಿಗೆ ಸುಮಾರು 36 ಕಿಲೋಮೀಟರ್ ದೂರದವರೆಗೆ ಮಾತನಾಡಬಹುದು. ಅಪಾಯದ ಕರೆಗೆ ಮೀಸಲಾದ 16ನೇ ಚಾನೆಲ್ ಸದಾ ಆಲಿಕೆಯಲ್ಲಿರಲಿ. ಸೆಟ್‌ಗೆ ಪರವಾನಗಿ ಬೇಕು. ಗುಂಡಿ ಒತ್ತಿದರೆ ಅಪಾಯದ ಕರೆಯನ್ನು ತಾನಾಗಿ ಕಳುಹಿಸುವ ಡಿಎಸ್‌ಸಿ ಸೌಲಭ್ಯ ಇರುವ ಸೆಟ್ ಆದರೆ ದೋಣಿಯನ್ನು ಗುರುತಿಸುವ, 419ರಿಂದ ಆರಂಭವಾಗುವ ಭಾರತದ ಎಂಎಂಎಸ್‌ಐ ಸಂಖ್ಯೆಯನ್ನೂ ಪಡೆದು ತುಂಬಿಸಬೇಕು. ಅದಿಲ್ಲದಿದ್ದರೆ ಕೆಂಪು ಗುಂಡಿ ಒತ್ತಿದರೂ ಪ್ರಯೋಜನವಿಲ್ಲ.

2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ ‘ಸುವರ್ಣ ತ್ರಿಭುಜ’ ಎಂಬ ಮೀನುಗಾರಿಕಾ ದೋಣಿ ಏಳು ಮಂದಿ ಮೀನುಗಾರರೊಂದಿಗೆ ಕಣ್ಮರೆಯಾಗಿ, ಅದರ ಅವಶೇಷ 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣದ ಬಳಿಯ ಕಡಲಿನಲ್ಲಿ ನೌಕಾಪಡೆಯ ಹಡಗಿಗೆ ಸಿಕ್ಕಿದ್ದನ್ನು ನಿಮ್ಮೂರಿನವರು ಮರೆತಿರಲಾರರು. ಅಷ್ಟು ದೊಡ್ಡ ದೋಣಿಯ ಸುಳಿವಿಗೇ ತಿಂಗಳುಗಟ್ಟಲೆ ಹುಡುಕಬೇಕಾಯಿತೆಂದರೆ 22 ಅಡಿಯ ದೋಣಿಯ ಗತಿಯೇನು? 406 ಮೆಗಾಹರ್ಟ್ಸ್‌ನ ಅಪಾಯಸೂಚಕ ಸಾಧನ ಕಳುಹಿಸುವ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿರುವ ಇಸ್ರೋದ ಕೇಂದ್ರಕ್ಕೆ ತಲುಪಿ, ಅಲ್ಲಿಂದ ಕರಾವಳಿ ಕಾವಲು ಪಡೆಗೆ ಹೋಗುತ್ತದೆ. ಅಂಥದೊಂದನ್ನು ಕೊಂಡು, ನೋಂದಾಯಿಸಿ, ಲೈಫ್ ಜಾಕೆಟ್‌ಗೇ ಕಟ್ಟಿಕೊಳ್ಳಿ. ಮೊಬೈಲ್ ಸಿಗುವಲ್ಲಿ ಕಾವಲು ಪಡೆಯ 1554 ಸಂಖ್ಯೆ ಇದ್ದೇ ಇದೆ.

ಭಾವನವರು ಪ್ಲಾಟರ್ ತರುವುದಾದರೆ ಸುಂಕ ಕಟ್ಟಿ ತರಲಿ, ವಾರಂಟಿ ಇಲ್ಲಿ ನಡೆಯುವುದೇ ಎಂದು ಮೊದಲೇ ಕೇಳಿಕೊಳ್ಳಲಿ. ಆದರೆ ತುರಾಯಾ ಅಥವಾ ಇರಿಡಿಯಂ ಉಪಗ್ರಹ ಫೋನನ್ನಾಗಲಿ, ಇರಿಡಿಯಂ ಜಾಲದಲ್ಲೇ ನಡೆಯುವ ಗಾರ್ಮಿನ್ ಇನ್‌ರೀಚನ್ನಾಗಲಿ ತರುವುದು ಖಂಡಿತ ಬೇಡ. ಅನುಮತಿ ಇಲ್ಲದೆ ಅವನ್ನು ಭಾರತಕ್ಕೆ ತರುವುದು ಅಪರಾಧ. ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದು ತೊಂದರೆಗೊಳಗಾದವರಿದ್ದಾರೆ.

ಪ್ರಶ್ನೆ: ನಮ್ಮ ದೋಣಿಯ ಫಿಶ್ ಫೈಂಡರ್ ನಿಧಾನವಾಗಿ ಸಾಗುವಾಗ ಆಳವನ್ನು ಸರಿಯಾಗಿ ತೋರಿಸುತ್ತದೆ, ವೇಗ ಹೆಚ್ಚಿಸಿದೊಡನೆ ಪರದೆ ತುಂಬ ಗೆರೆಗಳಾಗಿ ಆಳದ ಅಂಕಿ ಮಾಯವಾಗುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವಾಗ ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಯಂತ್ರ ಕೆಟ್ಟಿದೆಯೇ?
ಓದುಗರು, ಕುಂದಾಪುರ

ಉತ್ತರ: ಯಂತ್ರ ಬಹುಶಃ ಸರಿಯಾಗಿಯೇ ಇದೆ. ಮೊದಲ ತೊಂದರೆಗೆ ಕಾರಣ ಗಾಳಿಗುಳ್ಳೆ. ಟ್ರಾನ್ಸ್‌ಡ್ಯೂಸರ್‌ನ ಮುಖದಡಿ ಗುಳ್ಳೆಗಳು ಹರಿದರೆ ಶಬ್ದ ನೀರಿಗೆ ಇಳಿಯುವುದೇ ಇಲ್ಲ. ದೋಣಿಯನ್ನು ದಡಕ್ಕೆ ಎಳೆದಾಗ ಹಿಂಬದಿಯಿಂದ ತಳವನ್ನು ನೋಡಿ: ಟ್ರಾನ್ಸ್‌ಡ್ಯೂಸರ್‌ನ ಮುಂದೆ, ಅದೇ ನೇರದಲ್ಲಿ, ತಳದ ಏಣು, ಬೋಲ್ಟ್‌ನ ತಲೆ ಅಥವಾ ನೀರಿನ ತೂತು ಇದ್ದರೆ ಗುಳ್ಳೆ ಹುಟ್ಟುವುದು ಅಲ್ಲಿಂದಲೇ. ಹಿಂದಿನಿಂದ ನೋಡಿದಾಗ ಪ್ರೊಪೆಲ್ಲರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿದ್ದರೆ ಬಲಬದಿಯಲ್ಲಿ ಅಲಗು ಕೆಳಮುಖವಾಗಿ ಸಾಗುವುದರಿಂದ ಆ ಬದಿಯ ನೀರು ಹೆಚ್ಚು ಶಾಂತವಾಗಿರುತ್ತದೆ. ಎಂಜಿನ್‌ನಿಂದ ಕನಿಷ್ಠ 15 ಇಂಚು ದೂರದಲ್ಲಿ, ತಳದ ಮಟ್ಟಕ್ಕಿಂತ ತುಸು ಕೆಳಗೆ ಬರುವಂತೆ ಅಲ್ಲಿ ಕೂರಿಸಿ. ಹೊರಗೆ ಕೂರಿಸಲು ಜಾಗವೇ ಇಲ್ಲದಿದ್ದರೆ, ಒಳಗಿನಿಂದ ತಳದ ಮೂಲಕ ಶಬ್ದ ಕಳುಹಿಸುವ ಮಾದರಿಗಳೂ ಇವೆ. ಅವು ಗಟ್ಟಿ ಫೈಬರ್‌ನಲ್ಲಿ ಕೆಲಸ ಮಾಡುತ್ತವೆ, ನಡುವೆ ಫೋಮ್ ಅಥವಾ ಮರ ತುಂಬಿದ ತಳದಲ್ಲಿ ಮಾಡುವುದಿಲ್ಲ.

ಎರಡನೆಯ ತೊಂದರೆ ವಿದ್ಯುತ್ತಿನದು. ಸ್ಟಾರ್ಟರ್ ಮೋಟಾರು ಎಳೆಯುವ ಕರೆಂಟಿಗೆ 12 ವೋಲ್ಟ್‌ನ ಬ್ಯಾಟರಿ ಒಂದು ಕ್ಷಣ ಕುಸಿಯುವುದರಿಂದ ಯಂತ್ರ ಆರುತ್ತದೆ. ಪ್ಲಾಟರ್ ಮತ್ತು ವೈರ್‌ಲೆಸ್‌ಗಾಗಿ ಪ್ರತ್ಯೇಕ ಬ್ಯಾಟರಿ ಇಟ್ಟುಕೊಳ್ಳುವುದೇ ಇದಕ್ಕೆ ಶಾಶ್ವತ ಪರಿಹಾರ. ಅದಕ್ಕೂ ಮೊದಲು ತಂತಿಯ ತುದಿಗಳನ್ನು ಬಿಚ್ಚಿ ನೋಡಿ. ಹಸಿರು ಕಿಲುಬು ಹಿಡಿದಿದ್ದರೆ ಕತ್ತರಿಸಿ, ತವರ ಲೇಪಿಸಿದ ತಾಮ್ರದ ತಂತಿಯನ್ನೇ ಹಾಕಿಸಿ. ಫ್ಯೂಸ್ ಬ್ಯಾಟರಿಯ ಹತ್ತಿರದಲ್ಲೇ ಇರಬೇಕು.

ಪ್ರಶ್ನೆ: ಕಡಲಿನ ಮಾಹಿತಿ ನೀಡುವ ಕೇಂದ್ರ ಸರ್ಕಾರದ ಇನ್‌ಕಾಯ್ಸ್ ಸಂಸ್ಥೆ ಪ್ರಕಟಿಸುವ ಮೀನು ಸಿಗುವ ವಲಯಗಳ ಅಕ್ಷಾಂಶ, ರೇಖಾಂಶಗಳನ್ನೂ, ಸ್ನೇಹಿತರೊಬ್ಬರು ಬರೆದುಕೊಟ್ಟ ಬಂಡೆಯ ಗುರುತನ್ನೂ ಪ್ಲಾಟರ್‌ಗೆ ತುಂಬಿಸಿದೆ. ಹೇಳಿದ ಜಾಗದಲ್ಲಿ ಬಂಡೆಯೇ ಇಲ್ಲ. ತಪ್ಪು ಎಲ್ಲಿ?
ಓದುಗರು, ಹೊನ್ನಾವರ

ಉತ್ತರ: ಅಂಕಿ ಬರೆಯುವ ಕ್ರಮವನ್ನು ಪರಿಶೀಲಿಸಿ. 13 ಡಿಗ್ರಿ 20 ಮಿನಿಟ್ 30 ಸೆಕೆಂಡ್ ಎಂದರೆ ದಶಮಾಂಶದಲ್ಲಿ 13 ಡಿಗ್ರಿ 20.500 ಮಿನಿಟ್. ಅದನ್ನು 20.30 ಎಂದು ತುಂಬಿಸಿದರೆ ಅಕ್ಷಾಂಶದಲ್ಲಿ 0.2 ಮಿನಿಟ್, ಅಂದರೆ ಸುಮಾರು 370 ಮೀಟರ್ ದಕ್ಷಿಣಕ್ಕೆ ಹೋಗಿ ನಿಲ್ಲುತ್ತೀರಿ. ಇನ್‌ಕಾಯ್ಸ್‌ನ ಪಟ್ಟಿ ಡಿಗ್ರಿ, ಮಿನಿಟ್, ಸೆಕೆಂಡ್‌ಗಳಲ್ಲಿರುತ್ತದೆ. ಬಹಳಷ್ಟು ಪ್ಲಾಟರ್‌ಗಳು ದಶಮಾಂಶ ಮಿನಿಟ್‌ಗಳಲ್ಲಿ ಬರುತ್ತವೆ. ಸೆಟ್ಟಿಂಗ್‌ನಲ್ಲಿ ಎರಡನ್ನೂ ಒಂದೇ ಕ್ರಮಕ್ಕೆ ತಂದು, ಆಮೇಲೆ ತುಂಬಿಸಿ. ಆ ವಲಯಗಳನ್ನು ಉಪಗ್ರಹ ಅಳೆದ ಸಮುದ್ರದ ಮೇಲ್ಮೈ ಉಷ್ಣತೆ ಮತ್ತು ಹಸಿರು ಪಾಚಿಯ ಪ್ರಮಾಣದಿಂದ ಗುರುತಿಸಲಾಗುತ್ತದೆ. ಹಾಗಾಗಿ ಅವು ಬಂಗುಡೆಯಂತೆ ಗುಂಪಾಗಿ ಅಲೆಯುವ ಮೀನಿಗೆ ಉಪಯುಕ್ತ, ಬಂಡೆಯ ಮೀನಿಗೆ ಅಷ್ಟಾಗಿ ಅಲ್ಲ.

ಸ್ನೇಹಿತರ ಗುರುತಿನಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಲಂಗರು ಹಾಕಿ ದೋಣಿ ನಿಂತ ಮೇಲೆ ಅವರು ಗುರುತು ಹಾಕಿದ್ದರೆ ಅದು ದೋಣಿ ನಿಂತ ಜಾಗವೇ ಹೊರತು ಬಂಡೆಯ ಜಾಗವಲ್ಲ. 20 ಮೀಟರ್ ಆಳದಲ್ಲಿ 60ರಿಂದ 100 ಮೀಟರ್ ಹಗ್ಗ ಬಿಡುವುದರಿಂದ, ಗಾಳಿ ಅಥವಾ ಪ್ರವಾಹದ ದಿಕ್ಕಿಗೆ ಅನುಗುಣವಾಗಿ ಅಷ್ಟು ದೂರ ವ್ಯತ್ಯಾಸವಾಗಬಹುದು. ಅವರ ಗುರುತನ್ನು ನಡುವಿಗಿಟ್ಟುಕೊಂಡು, ನಡೆಯುವಷ್ಟೇ ವೇಗದಲ್ಲಿ, 20 ಮೀಟರ್ ಅಂತರದ ಸಮಾನಾಂತರ ಸಾಲುಗಳಲ್ಲಿ ಹೋಗಿ ಬನ್ನಿ. ನೆಲದ ಗೆರೆ ಪ್ರಖರವಾಗಿ ಮೇಲೆದ್ದ ಕ್ಷಣದಲ್ಲಿ ಗುಂಡಿ ಒತ್ತಿ, ಆ ಹೊಸ ಗುರುತನ್ನು ಆಳ ಮತ್ತು ದಿನಾಂಕದೊಂದಿಗೆ ಉಳಿಸಿ, ದಡಕ್ಕೆ ಬಂದೊಡನೆ ಮೆಮೊರಿ ಕಾರ್ಡ್‌ಗೂ ನಕಲು ಮಾಡಿಕೊಳ್ಳಿ.