ಸ್ಕಾರ್ಫ್‌ನ ಅಂಚು ನೋಡಿ ತೊಗೊಳ್ಳಿ, ನಡುವಿನ ಚಿತ್ರ ನೋಡಿ ಅಲ್ಲ

ಮೈಬಣ್ಣ ಕಪ್ಪು, ಕತ್ತು ಗಿಡ್ಡ, ದುಬಾರಿ ರೇಷ್ಮೆ ಸ್ಕಾರ್ಫ್‌ನಲ್ಲಿ ಯಾವ ಬಣ್ಣ ಒಪ್ಪುತ್ತೆ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಹಿಡಿದುಕೊಂಡೇ ಅಂಗಡಿಗೆ ಹೋಗಿದ್ದೆ.

ಆಫೀಸ್ ಕೆಲಸದ ಮೇಲೆ ಪ್ಯಾರಿಸ್‌ಗೆ ಹೋದಾಗಿನ ಮಾತು. ಅಂಗಡಿಯವರು ಗಾಜಿನ ಮೇಜಿನ ಮೇಲೆ 90 ಸೆಂ.ಮೀ. ಚೌಕದ ಸ್ಕಾರ್ಫ್ ಹರಡಿದರು. ನಡುವೆ ಕಡುನೀಲಿಯ ಮೇಲೆ ಕೆಂಪು ದಾಳಿಂಬೆ, ಸುತ್ತ ಅಗಲವಾದ ಬೂದಿ ಅಂಚು. ನೀಲಿ ನನಗೆ ಚೆನ್ನಾಗಿ ಒಪ್ಪುತ್ತೆ, ಹಾಗಾಗಿ ಹೆಚ್ಚು ಯೋಚಿಸಲಿಲ್ಲ. ತಿಂಗಳ ಬಾಡಿಗೆಯಷ್ಟು ಕೊಟ್ಟು ತಂದೆ. ಮನೆಗೆ ಬಂದು ಕಟ್ಟಿಕೊಂಡರೆ ದಾಳಿಂಬೆ ಎಲ್ಲೂ ಇಲ್ಲ! ಚೌಕವನ್ನು ಓರೆಯಾಗಿ ಪಟ್ಟಿ ಮಡಿಸಿ, ಹಿಂದಿನಿಂದ ತಂದು ಮುಂದೆ ಗಂಟು ಹಾಕಿದಾಗ ನಡುಭಾಗ ಹೋಗಿ ಜಡೆಯ ಕೆಳಗೆ ಕೂರುತ್ತೆ. ಗದ್ದದ ಕೆಳಗೆ ಕಾಣೋದು ಎರಡು ಮೂಲೆ, ಅಂದರೆ ಅಂಚು. ದುಡ್ಡು ಕೊಟ್ಟಿದ್ದು ನೀಲಿಗೆ, ಮುಖದ ಹತ್ತಿರ ಬಂದಿದ್ದು ಬೂದಿ. ಆ ಬೂದಿಗೆ ನನ್ನ ಮುಖ ಜ್ವರ ಬಿಟ್ಟೆದ್ದವರ ಹಾಗೆ ಕಂಡಿತು. ಸೀರೆಯಾದರೆ ಸೆರಗನ್ನ ಹೆಗಲ ಮೇಲೆ ಹಾಕಿ ನೋಡದೆ ತರ್ತೀವಾ? ಇದನ್ನು ಮಾತ್ರ ಹರಡಿದ್ದು ನೋಡಿಯೇ ತಂದುಬಿಟ್ಟೆ. ಅಂಗಡಿಯಲ್ಲೇ ಒಮ್ಮೆ ಮಡಿಸಿ, ಕಟ್ಟಿ, ಬಾಗಿಲ ಹತ್ತಿರದ ಬೆಳಕಿಗೆ ಬಂದು ನಿಂತಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಕಪ್ಪಗಿರುವವರು ಇಂಥದ್ದು ಹಾಕಬಾರದು ಅನ್ನೋ ಪಟ್ಟಿಗಳನ್ನ ದಯವಿಟ್ಟು ನಂಬಬೇಡಿ. ಅರಿಶಿನ, ರಾಣಿ ಪಿಂಕ್, ನವಿಲು ಹಸಿರು ನಮ್ಮ ಬಣ್ಣಕ್ಕೆ ಕೊಡೋ ಕಳೆಯೇ ಬೇರೆ. ನಿಮ್ಮ ವಿಷಯದಲ್ಲಿ ಬಣ್ಣಕ್ಕಿಂತ ಮುಖ್ಯ ಅಳತೆ. ಪ್ಯಾರಿಸ್‌ನ ಎರ್ಮೆಸ್ ಕಂಪನಿ 1937ರಿಂದ ಮಾಡುತ್ತಿರುವ ಆ 90 ಸೆಂ.ಮೀ. ಅಳತೆಯ ಟ್ವಿಲ್ (ಓರೆಗೆರೆ ನೇಯ್ಗೆಯ) ಚೌಕ ಗಿಡ್ಡ ಕತ್ತಿಗೆ ಸುತ್ತಿದರೆ ದಪ್ಪ ಕಟ್ಟಿಕೊಂಡು ಕೂರುತ್ತೆ. 70 ಸೆಂ.ಮೀ. ಚೌಕ ಕೇಳಿ, ಅಥವಾ ಕ್ರೇಪ್ ರೇಷ್ಮೆಯ ಉದ್ದನೆಯ ಸ್ಟೋಲ್ ತೊಗೊಳ್ಳಿ. ನಮ್ಮ ಮೈಸೂರು ಸಿಲ್ಕ್ ಸೀರೆಯೂ ಕ್ರೇಪೇ; ನೂಲಿಗೆ ಹುರಿ ಜಾಸ್ತಿ ಕೊಟ್ಟಿರುತ್ತಾರೆ, ಬಟ್ಟೆ ಸೆಟೆದು ನಿಲ್ಲದೆ ಇಳಿಬೀಳುತ್ತೆ. ಗಂಟು ಹಾಕದೆ ಎರಡೂ ತುದಿ ಮುಂದಕ್ಕೆ ಬಿಟ್ಟರೆ ಕತ್ತು ಉದ್ದ ಕಾಣುತ್ತೆ.

ಬೆಲೆಗೆ ತಕ್ಕ ಕೆಲಸ ಇದೆಯೋ ಇಲ್ಲವೋ ನೋಡೋಕೆ ಅಂಚನ್ನ ಬೆರಳಲ್ಲಿ ಹೊಸೆದು ನೋಡಿ. ಕೈಯಲ್ಲಿ ಸುರುಳಿ ಸುತ್ತಿ ಹೊಲಿದಿದ್ದರೆ ಉಬ್ಬಿ ದುಂಡಗಿರುತ್ತೆ, ಹೊಲಿಗೆ ಅಲ್ಲಲ್ಲಿ ಹೆಚ್ಚುಕಮ್ಮಿ ಇರುತ್ತೆ. ಮೆಷಿನ್ ಹೊಲಿಗೆ ಚಪ್ಪಟೆ. ಚಪ್ಪಟೆ ಅಂಚಿಗೆ ಆ ಬೆಲೆ ಕೊಡಬೇಡಿ.

ಕಟ್ಟಿ ನೋಡೋಕೆ ಬಿಡದ ಅಂಗಡಿಯಿಂದ ಎದ್ದು ಬನ್ನಿ, ಎಷ್ಟೇ ದೊಡ್ಡ ಹೆಸರಿರಲಿ. ಇನ್ನೊಂದು, ಜುಮಕಿ ಹಾಕಿದ ದಿನ ಸ್ಕಾರ್ಫ್ ಬೇಡ. ಕೊಕ್ಕೆಗೆ ಒಂದು ಎಳೆ ಸಿಕ್ಕಿದರೂ ಬಟ್ಟೆ ಮೇಲೆ ಗೆರೆ ಬೀಳುತ್ತೆ, ಇಸ್ತ್ರಿ ಮಾಡಿದರೂ ಹೋಗಲ್ಲ.