ಎಡಕ್ಕೆ ತಿರುಗಿ ನಿಂತರೂ ಚೆಂಡು ಬಲಕ್ಕೇ!

ಪ್ರಶ್ನೆ: ನಾನು ಬಲಗೈ ಗಾಲ್ಫ್ ಆಟಗಾರ. ದೂರ ಹೊಡೆಯುವ ಉದ್ದ ಕೋಲಾದ ಡ್ರೈವರ್‌ನಿಂದ ಹೊಡೆದ ಚೆಂಡು ನೇರವಾಗಿಯೇ ಹೊರಟು, ಆಮೇಲೆ ಬಲಕ್ಕೆ ಬಾಗಿ ಮರಗಳ ನಡುವೆ ಮಾಯವಾಗುತ್ತದೆ. ಗೆಳೆಯರ ಮಾತು ಕೇಳಿ ಎಡಕ್ಕೆ ತಿರುಗಿ ನಿಂತೆ. ಬಾಗು ಇನ್ನೂ ಹೆಚ್ಚಿತು. ಏಕೆ?

ಉತ್ತರ: ಗೆಳೆಯರನ್ನು ಬೈಯಬೇಡಿ, ನಾನೂ ವರ್ಷಗಟ್ಟಲೆ ಅದೇ ಸಲಹೆ ಕೊಟ್ಟವನು. ಕ್ಲಬ್ (ಚೆಂಡು ಹೊಡೆಯುವ ಕೋಲು) ಬೀಸಿದ ಕಡೆಗೆ ಚೆಂಡು ಹೊರಡುತ್ತದೆ ಎಂದೇ ನಮಗೆ ಕಲಿಸಿದ್ದರು. ರೇಡಾರ್ ಯಂತ್ರಗಳು ಬಂದು ಅಳೆದ ಮೇಲೆ ಆ ಪಾಠ ತಲೆಕೆಳಗಾಯಿತು. ಚೆಂಡು ಹೊರಡುವ ದಿಕ್ಕನ್ನು ಬಹುಪಾಲು ನಿರ್ಧರಿಸುವುದು, ತಾಗುವ ಕ್ಷಣದಲ್ಲಿ ಕ್ಲಬ್‌ನ ಮುಖ, ಅಂದರೆ ಚೆಂಡಿಗೆ ಬಡಿಯುವ ಮೈ, ಎತ್ತ ನೋಡುತ್ತಿದೆ ಎಂಬುದು: ಡ್ರೈವರ್‌ನಲ್ಲಿ ಸುಮಾರು ಶೇ 85, ತೆಳು ಲೋಹದ ತಲೆಯ ಕ್ಲಬ್‌ಗಳಾದ ಐರನ್‌ಗಳಲ್ಲಿ ಶೇ 75ರಷ್ಟು. ಮುಖದ ದಿಕ್ಕಿಗೂ ಬೀಸಿನ ದಾರಿಗೂ ಅಂತರ ಹೆಚ್ಚಿದಷ್ಟೂ ಚೆಂಡು ಹೆಚ್ಚು ಬಾಗುತ್ತದೆ.

ನಿಮ್ಮ ಚೆಂಡು ನೇರ ಹೊರಟಿತೆಂದರೆ ಮುಖ ಹೆಚ್ಚುಕಡಿಮೆ ಗುರಿಯತ್ತಲೇ ಇತ್ತು, ಬೀಸು ಮಾತ್ರ ಎಡಕ್ಕೆ ಸಾಗುತ್ತಿತ್ತು. ಎಡಕ್ಕೆ ತಿರುಗಿ ನಿಂತಾಗ ಬೀಸು ಮತ್ತಷ್ಟು ಎಡಕ್ಕೆ ಹೋಯಿತು. ಆದರೆ ಮನಸ್ಸು ಗುರಿಯ ಬಾವುಟದ ಮೇಲೇ ಇದ್ದುದರಿಂದ ಕೈಗಳು ಮುಖವನ್ನು ಅತ್ತಲೇ ಹಿಡಿದಿಟ್ಟವು. ಅಂತರ ಬೆಳೆಯಿತು, ಮರಗಳಿಗೆ ಇನ್ನೊಂದು ಚೆಂಡು ಸಿಕ್ಕಿತು.

ಮೊದಲು ಡ್ರೈವರ್‌ನ ಮುಖಕ್ಕೆ ಸ್ವಲ್ಪ ಸೀಮೆಸುಣ್ಣದ ಪುಡಿ ಸವರಿ ನಾಲ್ಕಾರು ಹೊಡೆತ ಹೊಡೆಯಿರಿ. ಗುರುತು ದಂಡದ ಬುಡದ ಕಡೆ ಬಿದ್ದಿದ್ದರೆ ಅಷ್ಟರಿಂದಲೇ ಚೆಂಡು ಬಲಕ್ಕೆ ಬಾಗಬಹುದು. ನಡುವೆ ಬಿದ್ದಿದ್ದರೆ ಕ್ಲಬ್ ಹಿಡಿದ ನಿಮ್ಮ ಎಡಗೈ ನೋಡಿಕೊಳ್ಳಿ. ತಲೆ ಬಗ್ಗಿಸಿದಾಗ ಬೆರಳ ಬುಡದ ಗೆಣ್ಣು ಒಂದೇ ಕಾಣುತ್ತದೆಯೇ? ಎರಡು, ಎರಡೂವರೆ ಕಾಣುವವರೆಗೆ ಕೈಯನ್ನು ಬಲಕ್ಕೆ ಹೊರಳಿಸಿ. ಮುಖವನ್ನು ಗುರಿಗೆ ನೇರ ಇಟ್ಟ ಮೇಲೆಯೇ ಹಿಡಿಯಬೇಕು. ಹಿಡಿದ ಮೇಲೆ ಕ್ಲಬ್ಬನ್ನು ತಿರುಗಿಸಿದರೆ ಮಾಡಿದ್ದೆಲ್ಲ ವ್ಯರ್ಥ. ನನ್ನ ದೋಷವಿದ್ದದ್ದು ಮಣಿಕಟ್ಟಿನಲ್ಲಿ. ಕ್ಲಬ್ಬನ್ನು ಹಿಂದಕ್ಕೆ ಎತ್ತಿದ ತುದಿಯಲ್ಲಿ ಎಡ ಮಣಿಕಟ್ಟು ಹಿಂದಕ್ಕೆ ಬಾಗಿ ಕ್ಲಬ್ಬಿನ ಮುಖ ಬಲಕ್ಕೆ ತೆರೆದುಕೊಳ್ಳುತ್ತಿತ್ತು. ಅದು ಗೊತ್ತಾಗದೆ ಎರಡು ವರ್ಷ ಭುಜ ತಿದ್ದಿಕೊಳ್ಳುತ್ತಾ ಕೂತಿದ್ದೆ!

ಆಮೇಲೆ ಅಭ್ಯಾಸಕ್ಕೆ ಏಳನೆಯ ನಂಬರಿನ ಐರನ್ ಹಿಡಿದು, ಸೊಂಟದೆತ್ತರಕ್ಕಷ್ಟೇ ಬೀಸಿ, ಬೇಕೆಂದೇ ಒಂದು ಚೆಂಡನ್ನು ಗುರಿಯ ಎಡಕ್ಕೆ, ಒಂದನ್ನು ಬಲಕ್ಕೆ ಹೊರಡಿಸಿ. ನೇರ ಹೊಡೆಯುವ ಆಸೆಯನ್ನು ವಾರದ ಮಟ್ಟಿಗೆ ಬಿಡಿ. ಮುಖ ಎತ್ತ ನೋಡುತ್ತಿದೆ ಎಂಬುದು ಅಂಗೈಗೆ ತಿಳಿಯಬೇಕು, ಅದನ್ನು ಮಾತಿನಲ್ಲಿ ಕಲಿಸಲಾರೆ.

ಹೊಸ ಹಿಡಿತದಲ್ಲಿ ಡ್ರೈವರ್‌ನ ಚೆಂಡು ಬಾಗದೆ ಎಡಕ್ಕೇ ಹಾರಿದರೆ ಗಾಬರಿಯಾಗಿ ಹಳೆಯದಕ್ಕೆ ಮರಳಬೇಡಿ. ಬೀಸು ಮೊದಲೂ ಅತ್ತಲೇ ಇತ್ತು, ಈಗ ಮುಖ ಅದರ ಜೊತೆಗೂಡಿದೆ. ಆ ಹಂತಕ್ಕೆ ಬಂದಾಗ ಇನ್ನೊಂದು ಪತ್ರ ಬರೆಯಿರಿ, ಬೀಸಿನ ದಾರಿಯ ವಿಷಯ ಆಗ ನೋಡೋಣ.